ಅಗಲಿದವರ ಹೆಸರಿನಲ್ಲಿ ಹಿಡಿದ ಜೋಳಿಗೆ

ಮನೆಯ ಹಿರಿಯರೊಬ್ಬರು ಲಿಂಗೈಕ್ಯರಾಗಿ, ಕ್ರಿಯಾಸಮಾಧಿ, ಗಣಾರಾಧನೆಗಳು ಮುಗಿದು, ಬಂಧುಬಳಗವೆಲ್ಲ ತಮ್ಮ ತಮ್ಮ ಊರಿಗೆ ಮರಳಿದ ಮೇಲೆ ಆ ಮನೆಯಲ್ಲಿ ಒಂದು ಮಾತು ಉಳಿದೇ ಉಳಿಯುತ್ತದೆ: ‘ಅವರ ಹೆಸರಿನಲ್ಲಿ ಏನಾದರೂ ಮಾಡಬೇಕಲ್ಲ?’ ಈ ಪ್ರಶ್ನೆಯನ್ನು ಹೊತ್ತು ನಮ್ಮಲ್ಲಿಗೆ ಬರುವವರು ವರುಷಕ್ಕೆ ಹತ್ತಾರು ಮಂದಿ. ಅವರಿಗೆ ನಾವು ಮೊದಲು ಹೇಳುವುದು ಇಷ್ಟೇ. ಶರಣರ ಧರ್ಮದಲ್ಲಿ ಪಿಂಡಪ್ರದಾನವಿಲ್ಲ, ಶ್ರಾದ್ಧವಿಲ್ಲ. ಪಂಚಸೂತಕಗಳನ್ನು ಅಲ್ಲಗಳೆದಾಗಲೇ ಪ್ರೇತಸೂತಕವೂ ಹೋಯಿತು. ಲಿಂಗದಲ್ಲಿ ಬೆರೆತವರಿಗೆ ನಮ್ಮಿಂದ ಆಗಬೇಕಾದುದು ಏನೂ ಇಲ್ಲ. ಆದುದರಿಂದ ‘ಏನಾದರೂ ಮಾಡಬೇಕು’ ಎಂಬುದು ಅವರ ಸದ್ಗತಿಯ ಮಾತಲ್ಲ. ನಮ್ಮ ಋಣದ ಮಾತು.

ಋಣದ ಮಾತೆಂದು ತಿಳಿದ ಮೇಲೂ ನಾವು ಸಾಮಾನ್ಯವಾಗಿ ಮಾಡುವುದೇನು? ಪುಣ್ಯತಿಥಿಯ ದಿನ ದೊಡ್ಡ ಊಟ. ಇಲ್ಲವೇ ದೇವಸ್ಥಾನಕ್ಕೊಂದು ಗಡಿಯಾರ, ಕಲ್ಯಾಣಮಂಟಪಕ್ಕೊಂದು ಫ್ಯಾನು. ಫ್ಯಾನಿನ ರೆಕ್ಕೆಯ ಮೇಲೆ ತೀರಿಹೋದವರ ಹೆಸರನ್ನು ಬರೆಸುವ ರೂಢಿಯನ್ನು ಕಂಡಾಗಲೆಲ್ಲ ನಮಗೆ ನಗು ಬರುತ್ತದೆ. ಅದು ತಿರುಗುತ್ತಿರುವಾಗ ಹೆಸರನ್ನು ಓದಲಾಗುವುದಿಲ್ಲ; ಓದಲಾಗುವಾಗ ಅದರಿಂದ ಗಾಳಿ ಬರುವುದಿಲ್ಲ.

ಸ್ವಲ್ಪ ವಿಚಾರವಂತರಾದವರು ದತ್ತಿನಿಧಿ ಇಡುತ್ತಾರೆ. ಇದು ಒಳ್ಳೆಯ ಪದ್ಧತಿಯೇ. ಆದರೆ ಅದರ ಲೆಕ್ಕವನ್ನು ಯಾರೂ ಮತ್ತೆ ನೋಡುವುದಿಲ್ಲ. 1990ರ ದಶಕದ ನಡುವಿನಲ್ಲಿ ಹತ್ತು ಸಾವಿರ ರೂಪಾಯಿಯ ಠೇವಣಿಗೆ ನೂರಕ್ಕೆ ಹನ್ನೆರಡರ ಬಡ್ಡಿ ಸಿಕ್ಕುತ್ತಿತ್ತು. ವರುಷಕ್ಕೆ 1,200 ರೂಪಾಯಿ. ಅಂದಿನ ಧಾರಣೆಯಲ್ಲಿ ಆ ಹಣದಿಂದ ಒಂದು ಪ್ರಸಾದ ನಿಲಯದ ಮಕ್ಕಳಿಗೆ ಒಂದು ಹೊತ್ತಿನ ಊಟವಾಗುತ್ತಿತ್ತು. ಇಂದು ಬಡ್ಡಿ ಆರೇಳರ ಆಸುಪಾಸಿಗೆ ಇಳಿದಿದೆ, ಜೋಳ ಬೇಳೆಗಳ ಬೆಲೆ ಹಲವು ಪಟ್ಟು ಏರಿದೆ. ಫಲಕದ ಮೇಲೆ ‘ಪ್ರತಿ ವರ್ಷ ಒಂದು ದಿನದ ಪ್ರಸಾದ ಸೇವೆ’ ಎಂದು ಕೆತ್ತಿರುವುದು ಹಾಗೆಯೇ ಇದೆ. ಬರುವ ಆರೇಳು ನೂರು ರೂಪಾಯಿ ಒಗ್ಗರಣೆಯ ಎಣ್ಣೆಗೆ ಸಾಲದು. ದತ್ತಿ ಇಟ್ಟ ಮನೆಯವರು ಹತ್ತು ವರುಷಕ್ಕೊಮ್ಮೆಯಾದರೂ ಹೋಗಿ ವಿಚಾರಿಸಿ ಮೂಲಧನಕ್ಕೆ ಒಂದಿಷ್ಟು ಸೇರಿಸುವುದು ಲೇಸು.

ಈಚಿನ ವರುಷಗಳಲ್ಲಿ ಇನ್ನೊಂದು ರೀತಿಯನ್ನು ನಮ್ಮ ಮನೆಗಳ ತರುಣರು ತಂದಿದ್ದಾರೆ. ಅಗಲಿದ ತಂದೆಯ ಅಥವಾ ಅಕ್ಕನ ನೆನಪಿನಲ್ಲಿ ಒಂದು ಕಷ್ಟದ ಕಾರ್ಯವನ್ನು ತಾವೇ ಮೈಮೇಲೆ ಹಾಕಿಕೊಂಡು, ‘ನಾವು ಇಷ್ಟು ದೂರ ಓಡುತ್ತೇವೆ, ಇಷ್ಟು ದೂರ ನಡೆಯುತ್ತೇವೆ, ನೀವು ಈ ಸತ್ಕಾರ್ಯಕ್ಕೆ ನೆರವಾಗಿರಿ’ ಎಂದು ಪರಿಚಿತರನ್ನು ಕೇಳುವುದು. 1981ರಲ್ಲಿ ಆರಂಭವಾದ ಲಂಡನ್ ಮ್ಯಾರಥಾನ್ ಓಟದಲ್ಲಿ ತಾಯಿಯ ಚಿತ್ರವನ್ನು ಎದೆಗೆ ಅಂಟಿಸಿಕೊಂಡು ಓಡುವವರು ಎಷ್ಟೋ ಮಂದಿ. ಬೆಂಗಳೂರಿನಲ್ಲಿಯೂ 2008ರಿಂದ ನಡೆಯುತ್ತಿರುವ ಹತ್ತು ಕಿಲೋಮೀಟರಿನ ಓಟದಲ್ಲಿ ಈ ಬಗೆಯ ನಿಧಿಸಂಗ್ರಹವಿದೆ. ನಮ್ಮ ಹಿರಿಯರು ಇದನ್ನು ಕೇಳಿ, ‘ಮಗ ಓಡಿದರೆ ಲಿಂಗೈಕ್ಯನಾದ ಅಪ್ಪನಿಗೇನು ಬಂತು?’ ಎಂದು ನಗುತ್ತಾರೆ. ನಾವು ಹಾಗೆ ನಗಲಾರೆವು. ಕೂತಲ್ಲಿಂದ ಬೇಡುವವನಿಗೂ ದೇಹವನ್ನು ದಂಡಿಸಿ ಬೇಡುವವನಿಗೂ ಅಂತರವಿದೆ. ಎರಡನೆಯವನು ತನ್ನ ಪಾಲನ್ನು ಮೊದಲು ಕೊಟ್ಟು ಆಮೇಲೆ ಇತರರನ್ನು ಕೇಳುತ್ತಾನೆ.

ನಮಗೆ ತಿಳಿದ ಒಂದು ಮನೆತನದ ಪ್ರಸಂಗವನ್ನು ಇಲ್ಲಿ ಹೇಳಬೇಕು. ಮಲಪ್ರಭೆಯ ತೀರದ ಹಳ್ಳಿಯೊಂದರ ಒಕ್ಕಲುತನದ ಮನೆ. ಯಜಮಾನರು 2023ರ ಆಷಾಢದಲ್ಲಿ ಲಿಂಗೈಕ್ಯರಾದರು. ಶಾಲೆಯ ಮಾಸ್ತರರಾಗಿ ನಿವೃತ್ತರಾದವರು. ಸಾಲ ಮಾಡದವರು, ಸಾಲ ಕೊಟ್ಟು ಕೇಳದವರು. ಅವರ ಕಿರಿಯ ಮಗಳು ಬ್ಯಾಂಕೊಂದರಲ್ಲಿ ನೌಕರಿಯಲ್ಲಿದ್ದಾಳೆ. ತಂದೆ ಬಾಲ್ಯದಲ್ಲಿ ಓದಿದ ಪಟ್ಟಣ ಅವರ ಹಳ್ಳಿಯಿಂದ ಸುಮಾರು 110 ಕಿಲೋಮೀಟರ್. ಅಲ್ಲಿಯ ಮಠದ ಉಚಿತ ಪ್ರಸಾದ ನಿಲಯದಲ್ಲಿ ಈಗ ನಲವತ್ತು ಮಕ್ಕಳಿದ್ದಾರೆ. ಒಂದು ಮಗುವಿಗೆ ಒಂದು ವರುಷದ ರೊಟ್ಟಿಗೆ ಹೆಚ್ಚುಕಡಿಮೆ ಒಂದು ಕ್ವಿಂಟಲ್ ಜೋಳ ಬೇಕು. ಊರಿನಿಂದ ಆ ಮಠದವರೆಗೆ ಕಾಲ್ನಡಿಗೆಯಲ್ಲಿ ಹೋಗಿ, ದಾರಿಯ ಹಳ್ಳಿಗಳಲ್ಲಿ ಜೋಳಿಗೆ ಹಿಡಿದು, ನಲವತ್ತು ಕ್ವಿಂಟಲ್ ಜೋಳವನ್ನು ತಂದೆಯ ಹೆಸರಿನಲ್ಲಿ ಒಪ್ಪಿಸುವೆನೆಂದು ಆಕೆ ನಿಶ್ಚಯಿಸಿದಳು.

ತಾಯಿ ಒಪ್ಪಲಿಲ್ಲ. ನಮ್ಮನ್ನು ಕರೆಸಿದರು. ಆ ತಾಯಿಯ ಮಾತನ್ನು ಹಾಗೆಯೇ ಕೊಡುತ್ತೇವೆ: “ಅವರು ಒಬ್ಬರ ಮುಂದ ಕೈಯೊಡ್ಡಿದವರಲ್ಲರೀ, ಶಾಸ್ತ್ರಿಗಳ. ಅವರ ಹೆಸರಿನಾಗ ಮಗಳು ಊರೂರು ಬೇಡ್ಕೋಂತ ಹೋದ್ರ ಮಂದಿ ಏನಂದಾರು? ಬೇಕಾದ್ರ ಎರಡು ಎಕರೆ ಮಾರಿ ಕೊಡ್ತೀನಿ, ಬೇಡೂದು ಮಾತ್ರ ಬ್ಯಾಡ.”

ಈ ಮಾತನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಕಾಯಕವನ್ನು ಎತ್ತಿಹಿಡಿದ ಪರಂಪರೆ ನಮ್ಮದು. ದುಡಿಯದೆ ಉಣ್ಣುವುದನ್ನು ಶರಣರು ಒಪ್ಪಲಿಲ್ಲ. ಅಂಥ ಮನೆಯಲ್ಲಿ ಬಾಳಿದ ಹೆಣ್ಣುಮಗಳಿಗೆ ಮಗಳು ಜೋಳಿಗೆ ಹಿಡಿಯುವುದು ಮಾನದ ಪ್ರಶ್ನೆಯಾಗಿ ಕಂಡರೆ ಅದರಲ್ಲಿ ತಪ್ಪೇನಿದೆ? ಆದರೆ ತನ್ನ ಹೊಟ್ಟೆಗೆಂದು ಬೇಡುವುದು ಬೇರೆ, ದಾಸೋಹಕ್ಕೆಂದು ಬೇಡುವುದು ಬೇರೆ. ಮೊದಲನೆಯದು ಕಾಯಕಕ್ಕೆ ವಿರೋಧ. ಎರಡನೆಯದೇ ಒಂದು ಕಾಯಕ.

ಹಾನಗಲ್ಲ ಕುಮಾರ ಶಿವಯೋಗಿಗಳು 1909ರಲ್ಲಿ ಬಾದಾಮಿಯ ಬಳಿ, ಇದೇ ಮಲಪ್ರಭೆಯ ದಂಡೆಯ ಮೇಲೆ, ಶಿವಯೋಗಮಂದಿರವನ್ನು ಸ್ಥಾಪಿಸಿದಾಗ ಅದು ರಾಜಾಶ್ರಯದಿಂದ ಬೆಳೆಯಲಿಲ್ಲ. ಭಕ್ತರ ಮನೆಗಳಿಂದ ಬಂದ ಕಾಳಿನಿಂದ ಬೆಳೆಯಿತು. 1930ರಲ್ಲಿ ಸಿದ್ಧಗಂಗೆಯ ಹೊಣೆ ಹೊತ್ತ ಶಿವಕುಮಾರ ಸ್ವಾಮಿಗಳು ಮೊದಲ ದಿನಗಳಲ್ಲಿ ಹಳ್ಳಿ ಹಳ್ಳಿ ಸುತ್ತಿ ಧಾನ್ಯ ತಂದು ಮಕ್ಕಳಿಗೆ ಉಣಿಸಿದರು. 2019ರ ಜನವರಿಯಲ್ಲಿ ಅವರು ಲಿಂಗೈಕ್ಯರಾದಾಗ ಮಠದಲ್ಲಿದ್ದ ಮಕ್ಕಳ ಸಂಖ್ಯೆ ಹತ್ತು ಸಾವಿರದ ಸುಮಾರು. ಸಿರಸಂಗಿ ಲಿಂಗರಾಜರಂಥ ದೇಸಾಯಿಗಳು ತಮ್ಮ ಸಂಸ್ಥಾನದ ಆಸ್ತಿಯನ್ನು ವಿದ್ಯಾರ್ಥಿಗಳಿಗೆಂದು ಮೃತ್ಯುಪತ್ರದಲ್ಲಿ ಬರೆದಿಡಬಲ್ಲವರಾಗಿದ್ದರು. ಬರೆದಿಡಲು ಆಸ್ತಿಯಿಲ್ಲದವರಿಗೆ ಕಾಲುಗಳಿವೆ.

ಗದುಗಿನ ವೀರೇಶ್ವರ ಪುಣ್ಯಾಶ್ರಮವನ್ನು ನೆನೆಯದೆ ಈ ಮಾತನ್ನು ಮುಂದುವರಿಸಲಾಗದು. ಪಂಚಾಕ್ಷರ ಗವಾಯಿಗಳು 1944ರಲ್ಲಿ ಲಿಂಗೈಕ್ಯರಾದರು. ಹುಟ್ಟುಕುರುಡರನ್ನೂ ಅನಾಥರನ್ನೂ ಸಾಕಿ ಸಂಗೀತ ಕಲಿಸುತ್ತಿದ್ದ ಆಶ್ರಮದ ಭಾರವೆಲ್ಲ ಶಿಷ್ಯ ಪುಟ್ಟರಾಜ ಗವಾಯಿಗಳ ಹೆಗಲಿಗೆ ಬಂತು. ಸ್ವತಃ ಕಣ್ಣಿಲ್ಲದವರು, ಗುರುವೇ ಅವರಿಗೆ ತಂದೆ. ಆ ತಂದೆಯ ಹೆಸರು ಉಳಿಯಬೇಕಾದರೆ ಆಶ್ರಮದ ಒಲೆ ಆರಬಾರದು. ಅವರು ನಾಟಕಗಳನ್ನು ಬರೆದರು, ನಾಟಕ ಕಂಪನಿ ನಡೆಸಿದರು, ಅದರ ಹುಟ್ಟುವಳಿಯಿಂದ ಮಕ್ಕಳಿಗೆ ಅನ್ನ ಹಾಕಿದರು. ಮುಂದೆ ಭಕ್ತರು ಊರೂರಿನಲ್ಲಿ ಅವರ ತುಲಾಭಾರ ನಡೆಸಿದರು. ತಕ್ಕಡಿಯ ಆ ತಟ್ಟೆಯಲ್ಲಿ ಬಿದ್ದ ನಾಣ್ಯವೆಲ್ಲ ಆಶ್ರಮಕ್ಕೆ ಹೋಯಿತು. 2010ರ ಸೆಪ್ಟೆಂಬರಿನವರೆಗೆ, ಎಂದರೆ ಅರವತ್ತಾರು ವರುಷ, ಆ ಮಹನೀಯರು ಗುರುವಿನ ಸ್ಮರಣೆಯನ್ನು ಮಾಡಿದ ಬಗೆ ಇದು. ಇದನ್ನು ಭಿಕ್ಷೆಯೆನ್ನಲು ಯಾರಿಗೆ ನಾಲಗೆ ಬಂದೀತು?

ನಾವು ಆ ತಾಯಿಗೆ ಇಷ್ಟೆಲ್ಲ ಹೇಳಲಿಲ್ಲ. “ಯಜಮಾನರು ಓದುವಾಗ ಎಲ್ಲಿ ಉಣ್ಣುತ್ತಿದ್ದರು, ತಾಯಿ?” ಎಂದು ಮಾತ್ರ ಕೇಳಿದೆವು. “ಮಠದ ಬೋರ್ಡಿಂಗಿನಾಗರೀ, ಐದು ವರ್ಷ” ಎಂದರು. “ಆ ಬೋರ್ಡಿಂಗಿಗೆ ಜೋಳ ಎಲ್ಲಿಂದ ಬರುತ್ತಿತ್ತು?” ಎಂದೆವು. ಅವರು ತುಸು ಹೊತ್ತು ಸುಮ್ಮನಿದ್ದರು. ಅಂದಿನ ಅಜ್ಜನವರು ಸುಗ್ಗಿಯ ಕಾಲದಲ್ಲಿ ಚಕ್ಕಡಿ ಕಟ್ಟಿಸಿಕೊಂಡು ಕಣಗಳಿಗೆ ಬರುತ್ತಿದ್ದುದನ್ನು ತಮ್ಮ ತವರಿನಲ್ಲಿ ಅವರೇ ಕಂಡವರು. ತಮ್ಮ ತಂದೆ ಮೊರದಲ್ಲಿ ಜೋಳ ತುಂಬಿ ಸುರಿಯುತ್ತಿದ್ದುದು ಅವರಿಗೆ ನೆನಪಿತ್ತು. ಒಬ್ಬರ ಮುಂದೂ ಕೈಯೊಡ್ಡದ ಆ ಮಾಸ್ತರರು ಐದು ವರುಷ ಉಂಡದ್ದು ಮತ್ತೊಬ್ಬರು ಕೈಯೊಡ್ಡಿ ತಂದ ಅನ್ನ. ಅವರು ತಲೆಯೆತ್ತಿ ಬಾಳಿದ್ದು ಆ ಅನ್ನದ ಬಲದಿಂದ.

ಮಹಾಶಿವರಾತ್ರಿಯ ಮರುದಿನ, 2024ರ ಮಾರ್ಚ್ 9ರಂದು, ಮಗಳು ಹೊರಟಳು. ಮೊದಲ ಎರಡು ಸೇರು ಜೋಳವನ್ನು ಜೋಳಿಗೆಗೆ ಹಾಕಿದವರು ತಾಯಿ.

ಒಂಬತ್ತು ದಿನದ ನಡಿಗೆ. ಬಿಸಿಲು ಏರುವ ಮೊದಲು ಒಂದಿಷ್ಟು, ಇಳಿದ ಮೇಲೆ ಒಂದಿಷ್ಟು. ಊರವರು ಕೊಟ್ಟ ಜೋಳವನ್ನು ಆಯಾ ಊರಿನ ಗುಡಿಯಲ್ಲಿ ಚೀಲ ಕಟ್ಟಿಸಿಟ್ಟು ಹಿಂದಿನಿಂದ ಬಂದ ಟ್ರ್ಯಾಕ್ಟರಿಗೆ ಹೇರಿಸಿದರು. ಹಣವನ್ನು ದಿನದ ದಿನವೇ ಬ್ಯಾಂಕಿಗೆ ಕಟ್ಟಿದಳು, ಬ್ಯಾಂಕಿನವಳಲ್ಲವೇ! ಮೂರನೆಯ ದಿನ ಅಂಗಾಲು ಬೊಬ್ಬೆಯೆದ್ದು ಅರ್ಧ ದಿನ ಕೂರಬೇಕಾಯಿತು. ಒಂದು ಊರಿನಲ್ಲಿ ಯಾರೂ ಬಾಗಿಲು ತೆರೆಯಲಿಲ್ಲ. ಇನ್ನೊಂದು ಊರಿನಲ್ಲಿ ಅಪ್ಪನ ಕೈಯಲ್ಲಿ ಕಲಿತ ಮುದುಕನೊಬ್ಬ, ಈಗ ಕೂಲಿ ಮಾಡುವವನು, ಹಿಡಿ ಜೋಳ ತಂದು ‘ಮಾಸ್ತರ ಮಗಳೇನವ್ವಾ ನೀನು?’ ಎಂದು ಕೇಳಿ ಕಣ್ಣೊರೆಸಿಕೊಂಡನಂತೆ.

ಆ ಹಿಡಿ ಜೋಳದ ವಿಷಯದಲ್ಲಿ ನಮಗೆ ಒಂದು ಮಾತು ಹೇಳುವುದಿದೆ. ಜೋಳಿಗೆಯೆಂಬ ವಸ್ತುವನ್ನು ನಮ್ಮ ಹಿರಿಯರು ಸುಮ್ಮನೆ ಆರಿಸಿಕೊಂಡಿರಲಾರರು. ಅದರ ಬಾಯಿಗೆ ಅರಿವೆಯ ಮಡಿಕೆಯಿರುತ್ತದೆ. ಕೊಡುವವನ ಕೈ ಒಳಗೆ ಹೋಗಿ ಹೊರಗೆ ಬರುತ್ತದೆ. ಏನು ಹಾಕಿದನೆಂಬುದು ಪಕ್ಕದವನಿಗೆ ಕಾಣುವುದಿಲ್ಲ. ಸಾಹುಕಾರನ ನೋಟು, ಕೂಲಿಯವನ ಹಿಡಿಕಾಳು ಎರಡೂ ಒಂದೇ ಕತ್ತಲೆಯಲ್ಲಿ ಬೀಳುತ್ತವೆ. ಈಗ ನಡೆಯುವ ನಿಧಿಸಂಗ್ರಹಗಳಲ್ಲಿ ಇದಕ್ಕೆ ವಿರುದ್ಧವಾದುದನ್ನು ಕಾಣುತ್ತೇವೆ. ಇಂಥವರು ಇಷ್ಟು ಕೊಟ್ಟರೆಂದು ಮೊಬೈಲಿನ ಬಳಗಗಳಲ್ಲಿ ಪಟ್ಟಿ ಹರಿದಾಡುತ್ತದೆ. ಪಟ್ಟಿಯ ತಲೆಯಲ್ಲಿ ಲಕ್ಷ ಕೊಟ್ಟವರು, ಬುಡದಲ್ಲಿ ನೂರು ಕೊಟ್ಟವರು. ನೂರು ಕೊಡಬೇಕೆಂದಿದ್ದವನು ಪಟ್ಟಿ ನೋಡಿ ನಾಚಿ ಸುಮ್ಮನಾಗುತ್ತಾನೆ, ಇಲ್ಲವೇ ಸಾಲ ಮಾಡಿ ಐನೂರು ಕೊಡುತ್ತಾನೆ. ಎರಡೂ ಕೇಡೇ. ತೀರಿಹೋದವರ ಚಿತ್ರಕ್ಕಿಂತ ದಾನಿಗಳ ಚಿತ್ರ ದೊಡ್ಡದಾಗಿರುವ ಫ್ಲೆಕ್ಸುಗಳ ಸಂಗತಿಯನ್ನು ಬರೆಯಲು ನಮಗೆ ಮನಸ್ಸಿಲ್ಲ. ಒಟ್ಟು ಮೊತ್ತವನ್ನು ಎಲ್ಲರೆದುರು ಓದಬೇಕು, ಖರ್ಚಿನ ಲೆಕ್ಕವನ್ನು ಪೈಸೆ ಬಿಡದೆ ಓದಬೇಕು. ಯಾರು ಎಷ್ಟು ಕೊಟ್ಟರೆಂಬುದು ರಸೀದಿ ಪುಸ್ತಕದಲ್ಲಿ ಇದ್ದರೆ ಸಾಕು.

ಮಠ ತಲುಪಿದಾಗ 31 ಕ್ವಿಂಟಲ್ ಜೋಳ, 58 ಸಾವಿರ ರೂಪಾಯಿ ಹಣ ಕೂಡಿತ್ತು. ಉಳಿದ 9 ಕ್ವಿಂಟಲನ್ನು ಪೇಟೆಯ ಧಾರಣೆಯಲ್ಲಿ ಕೊಂಡ ಮೇಲೂ 20 ಸಾವಿರಕ್ಕೆ ಮಿಕ್ಕಿ ಹಣ ಉಳಿಯಿತು. ಇದನ್ನೇನು ಮಾಡುವುದು? ಚಿಕ್ಕಪ್ಪನೊಬ್ಬರು ಅಣ್ಣನ ಹೆಸರಿನ ಗ್ರಾನೈಟ್ ಫಲಕವನ್ನು ಪ್ರಸಾದ ನಿಲಯದ ಬಾಗಿಲಿಗೆ ಹಾಕಿಸೋಣವೆಂದರು. ಅವರ ಪ್ರೀತಿ ನಮಗೆ ಅರ್ಥವಾಗುತ್ತದೆ. ಆದರೆ ಜನರು ಕೊಟ್ಟದ್ದು ಮಕ್ಕಳ ರೊಟ್ಟಿಗೆ, ಕಲ್ಲಿಗಲ್ಲ.

ಆಯ್ದಕ್ಕಿ ಮಾರಯ್ಯ ಲಕ್ಕಮ್ಮನವರ ಕಥೆ ನಮ್ಮ ಮಕ್ಕಳೆಲ್ಲ ಕೇಳಿದ್ದೇ. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ಜಂಗಮ ದಾಸೋಹ ನಡೆಸುತ್ತಿದ್ದ ದಂಪತಿಗಳು. ಒಂದು ದಿನ ಮಾರಯ್ಯನವರು ಎಂದಿಗಿಂತ ಹೆಚ್ಚು ಅಕ್ಕಿ ತಂದರು. ಲಕ್ಕಮ್ಮ ಅದನ್ನು ಒಳಗೆ ತೆಗೆದುಕೊಳ್ಳಲಿಲ್ಲ. ಹೆಚ್ಚಿನದನ್ನು ಹಿಂದಕ್ಕೆ ಸುರಿದು ಬರುವಂತೆ ಗಂಡನನ್ನು ಕಳುಹಿಸಿದರು. ಈ ಕಥೆಯನ್ನು ನಾವು ಬಡವರ ಸಂತೃಪ್ತಿಯ ಕಥೆಯೆಂದು ಓದಿಸುತ್ತೇವೆ. ದಾಸೋಹಕ್ಕಾಗಿ ಸಂಗ್ರಹ ಮಾಡುವವರು ಅದನ್ನು ಲೆಕ್ಕದ ಕಥೆಯಾಗಿಯೂ ಓದಬೇಕು. ಯಾವುದಕ್ಕೆಂದು ಎತ್ತಿದೆವೋ ಅದಕ್ಕೆ ಮೀರಿದ್ದು ನಮ್ಮದಲ್ಲ. ಹುಡುಗಿ ಬಹು ವಿವೇಕದಿಂದ ನಡೆದುಕೊಂಡಳು. ಒಪ್ಪಿಸುವ ದಿನ ದಾರಿಯ ಹಳ್ಳಿಗಳಿಂದ ಬಂದವರ ಎದುರಿಗೆ ಲೆಕ್ಕ ಓದಿ, ಮಿಕ್ಕ ಹಣವನ್ನು ತೊಗರಿಬೇಳೆಗೆ ಕೊಡಬಹುದೇ ಎಂದು ಅವರನ್ನೇ ಕೇಳಿದಳು. ಅವರು ಹೂಂ ಎಂದ ಮೇಲೆ ಕೊಟ್ಟಳು.

ಇದೆಲ್ಲ ಮಠದ ನೆರಳಿನಲ್ಲಿ ಆದದ್ದು, ಬೆಂಬಲಕ್ಕೆ ಒಂದು ಪರಂಪರೆಯಿತ್ತು ಎನ್ನಬಹುದು. ಅಂಥ ಬೆಂಬಲವೇ ಇಲ್ಲದ ಒಬ್ಬ ತಾಯಿ ದೂರದ ಬಂಗಾಳದಲ್ಲಿದ್ದಾರೆ. ಸುಭಾಷಿಣಿ ಮಿಸ್ತ್ರಿ ಎಂದು ಹೆಸರು. 1971ರಲ್ಲಿ ಚಿಕಿತ್ಸೆ ಸಿಗದೆ ಗಂಡ ತೀರಿಕೊಂಡಾಗ ಆಕೆಯ ವಯಸ್ಸು ಇಪ್ಪತ್ತಮೂರರ ಸುಮಾರು, ಕಂಕುಳಲ್ಲಿ ನಾಲ್ಕು ಮಕ್ಕಳು, ಅಕ್ಷರಜ್ಞಾನವಿಲ್ಲ. ತನ್ನ ಗಂಡನಿಗೆ ಆದದ್ದು ಮತ್ತೊಬ್ಬ ಬಡವನಿಗೆ ಆಗಬಾರದು, ಅದಕ್ಕಾಗಿ ಆಸ್ಪತ್ರೆ ಕಟ್ಟುವೆನೆಂದು ಆಕೆ ಪಣತೊಟ್ಟರು. ಕೇಳಿದವರು ನಕ್ಕಿರಬೇಕು. ಮನೆಗೆಲಸ ಮಾಡಿದರು, ಕೂಲಿ ಮಾಡಿದರು, ತರಕಾರಿ ಮಾರಿದರು. ಒಬ್ಬ ಮಗನನ್ನು ಅನಾಥಾಲಯದಲ್ಲಿ ಬಿಟ್ಟು ಓದಿಸಿದರು, ಆತ ವೈದ್ಯನಾದ. ಇಪ್ಪತ್ತು ವರುಷ ಕೂಡಿಟ್ಟ ಹಣದಿಂದ ಕೋಲ್ಕತ್ತದ ಹೊರವಲಯದ ಹಂಸಪುಕುರ್ ಎಂಬ ತಮ್ಮ ಊರಿನಲ್ಲಿ ಜಾಗ ಕೊಂಡರು.

ಅಲ್ಲಿಗೆ ಆಕೆಯ ಗಂಟು ಮುಗಿಯಿತು. ಜನರ ಮುಂದೆ ಕೈಯೊಡ್ಡಿದ್ದು ಆಮೇಲೆ. ಹಣವಿಲ್ಲದವರು ಬಿದಿರು ಕೊಟ್ಟರು, ತಾಳೆಗರಿ ಕೊಟ್ಟರು, ಅದೂ ಇಲ್ಲದವರು ಒಂದು ದಿನದ ದುಡಿಮೆ ಕೊಟ್ಟರು. 1993ರಲ್ಲಿ ಗುಡಿಸಲಿನಂಥ ಒಂದು ಚಪ್ಪರದಡಿ ಚಿಕಿತ್ಸೆ ಆರಂಭವಾಯಿತು; ಮೊದಲ ದಿನವೇ ಬಂದ ರೋಗಿಗಳು ಇನ್ನೂರಕ್ಕೂ ಹೆಚ್ಚು. 1996ರ ಹೊತ್ತಿಗೆ ಗಟ್ಟಿ ಕಟ್ಟಡವಾಯಿತು. 2018ರಲ್ಲಿ ಭಾರತ ಸರಕಾರ ಪದ್ಮಶ್ರೀ ಕೊಟ್ಟಿತು. ಆಸ್ಪತ್ರೆಗೆ ಇಟ್ಟ ಹೆಸರು ಗಂಡನದಲ್ಲ, ‘ಮಾನವತೆ’ ಎಂಬರ್ಥದ ಇಂಗ್ಲಿಷ್ ಮಾತು. ಬಸವಣ್ಣನವರ ಹೆಸರನ್ನು ಆಕೆ ಕೇಳಿದ್ದರೋ ಇಲ್ಲವೋ. ಕಾಯಕ ದಾಸೋಹಗಳೆಂದು ನಾವು ವೇದಿಕೆಯ ಮೇಲೆ ಹೇಳುವುದನ್ನು ತರಕಾರಿಯ ಬುಟ್ಟಿ ಹೊತ್ತು ನಡೆಸಿದವರು ಅವರು.

ಇಂಥ ಕಾರ್ಯ ಕೈಗೊಳ್ಳುವವರು ನಮ್ಮನ್ನು ಕೇಳುವ ಒಂದೆರಡು ವ್ಯವಹಾರದ ಸಂಗತಿಗಳಿವೆ. ಹಣವನ್ನು ಸ್ವಂತ ಖಾತೆಗೆ ತುಂಬಿಸಿಕೊಂಡು ಆಮೇಲೆ ಸಂಸ್ಥೆಗೆ ಕೊಡುವುದು ಬೇಡ. ಕೊಡುವವರು ನೇರವಾಗಿ ಸಂಸ್ಥೆಯ ಖಾತೆಗೇ ಕಟ್ಟಲಿ, ರಸೀದಿ ಅಲ್ಲಿಂದಲೇ ಬರಲಿ. ಎರಡು ಸಾವಿರ ರೂಪಾಯಿ ಮೀರಿ ನಗದಾಗಿ ಕೊಟ್ಟರೆ ಆದಾಯ ತೆರಿಗೆಯಲ್ಲಿ ರಿಯಾಯಿತಿ ಸಿಗುವುದಿಲ್ಲವೆಂದು ದಾನಿಗಳಿಗೆ ಮೊದಲೇ ತಿಳಿಸಬೇಕು. ಹೊರದೇಶದಲ್ಲಿರುವ ಮಕ್ಕಳು ಭಾರತದ ಪೌರರೇ ಆಗಿದ್ದರೆ ತಮ್ಮ ಗಳಿಕೆಯನ್ನು ಬ್ಯಾಂಕಿನ ಮೂಲಕ ಕಳುಹಿಸಲು ಅಡ್ಡಿಯಿಲ್ಲ. ಆದರೆ ಅಲ್ಲಿಯ ಪೌರತ್ವ ಪಡೆದವರು ಅಥವಾ ಅವರ ಅಲ್ಲಿಯ ಗೆಳೆಯರು ಕೊಡುವುದು ವಿದೇಶಿ ದೇಣಿಗೆಯಾಗುತ್ತದೆ. ಅದನ್ನು ಪಡೆಯಲು ಸಂಸ್ಥೆಗೆ ಕೇಂದ್ರ ಸರಕಾರದ ಅನುಮತಿಯೂ ದೆಹಲಿಯ ಸ್ಟೇಟ್ ಬ್ಯಾಂಕಿನಲ್ಲಿ ಪ್ರತ್ಯೇಕ ಖಾತೆಯೂ ಬೇಕು. ಎಷ್ಟೋ ಚಿಕ್ಕ ಮಠಗಳಿಗೆ ಅದಿಲ್ಲ. ಕೇಳದೆ ತರಿಸಿಕೊಂಡರೆ ಉಪಕಾರ ಮಾಡಲು ಹೋಗಿ ಸಂಸ್ಥೆಯನ್ನು ಕಟ್ಟಳೆಯ ತೊಡಕಿಗೆ ಸಿಲುಕಿಸಿದಂತೆ.

ಸಂಗ್ರಹವನ್ನು ಪುಣ್ಯತಿಥಿಯ ದಿನವೇ ಮಾಡಬೇಕೇ ಎಂದು ಹಲವರು ಕೇಳುತ್ತಾರೆ. ಬೇಕಿಲ್ಲ. ಆ ಮಾಸ್ತರರು ಲಿಂಗೈಕ್ಯರಾದದ್ದು ಆಷಾಢದಲ್ಲಿ. ಆಗ ರೈತನ ಕೈಯಲ್ಲಿ ಬಿತ್ತನೆಯ ಸಾಲವಿರುತ್ತದೆಯೇ ಹೊರತು ಕಾಳು ಇರುವುದಿಲ್ಲ. ಬಿಳಿಜೋಳದ ರಾಶಿಯಾಗುವುದು ಮಾಘ ಫಾಲ್ಗುಣದಲ್ಲಿ. ಕಣದಲ್ಲಿ ರಾಶಿಯಿರುವಾಗ ಜೋಳಿಗೆ ಬಂದರೆ ಕೊಡುವವನ ಕೈ ತಾನಾಗಿಯೇ ಸಡಿಲವಾಗುತ್ತದೆ. ಪ್ರಸಾದ ನಿಲಯಗಳು ಜೂನ್ ತಿಂಗಳಲ್ಲಿ ತೆರೆಯುವುದರಿಂದ ಅಷ್ಟರೊಳಗೆ ಧಾನ್ಯವನ್ನು ಒಣಗಿಸಿ, ಬೇವಿನ ಸೊಪ್ಪು ಹಾಕಿ ಉಗ್ರಾಣಕ್ಕೆ ಸೇರಿಸಲು ಅಡುಗೆಯವರಿಗೂ ಬಿಡುವು ಸಿಗುತ್ತದೆ.